ಆತ್ಮಗಳನ್ನು ಪರೀಕ್ಷೆಗೆ ಕೂರಿಸಿದ ಜಾದೂಗಾರ ಹೂಡಿನಿ

ಬೇಡಿ, ಬೀಗ, ಪೆಟ್ಟಿಗೆಗಳಿಂದ ತಪ್ಪಿಸಿಕೊಂಡು ಜಗತ್ಪ್ರಸಿದ್ಧನಾದ ಹ್ಯಾರಿ ಹೂಡಿನಿ ಕೊನೆಯ ವರ್ಷಗಳಲ್ಲಿ ಬಹಳಷ್ಟು ಸಮಯ ಕೊಟ್ಟಿದ್ದು ಬೇರೊಂದು ಕೆಲಸಕ್ಕೆ. ಸತ್ತವರ ಜೊತೆ ಮಾತಾಡಿಸುತ್ತೇವೆ ಎನ್ನುತ್ತಿದ್ದ ‘ಮೀಡಿಯಂ’ಗಳನ್ನು ಅವನು ಪರೀಕ್ಷಿಸುತ್ತಿದ್ದ.

1874ರಲ್ಲಿ ಬುಡಾಪೆಸ್ಟ್‌ನ ಯಹೂದಿ ಕುಟುಂಬದಲ್ಲಿ ಹುಟ್ಟಿದ ಎರಿಕ್ ವೈಸ್ ನಾಲ್ಕು ವರ್ಷದವನಿದ್ದಾಗ ಅಮೆರಿಕಕ್ಕೆ ಬಂದ. ಫ್ರೆಂಚ್ ಜಾದೂಗಾರ ರಾಬರ್ಟ್ ಹೂಡಿನ್‌ನ ಹೆಸರಿನಿಂದ ಹೂಡಿನಿಯಾದ. ಶುರುವಿನಲ್ಲಿ ಹೊಟ್ಟೆಪಾಡಿಗಾಗಿ ಅವನೂ ಹೆಂಡತಿ ಬೆಸ್ಸೂ ಕ್ಯಾನ್ಸಸ್ ಕಡೆಯ ಊರುಗಳಲ್ಲಿ ಆತ್ಮ ಕರೆಸುವ ಪ್ರದರ್ಶನ ಕೊಟ್ಟಿದ್ದುಂಟು. ಸ್ಮಶಾನದ ಕಲ್ಲುಗಳ ಮೇಲಿನ ಹೆಸರು ಓದಿಕೊಂಡು, ಊರವರ ಹರಟೆಗೆ ಕಿವಿಗೊಟ್ಟು, ರಾತ್ರಿ ಅದನ್ನೇ ಸತ್ತವರ ಸಂದೇಶವೆಂದು ಹೇಳುವುದು. ಅಂದರೆ ಈ ಕಸುಬಿನ ಗುಟ್ಟು ಅವನಿಗೆ ಒಳಗಿನಿಂದಲೇ ಗೊತ್ತಿತ್ತು.

1913ರಲ್ಲಿ ಅವನ ಅಮ್ಮ ತೀರಿಕೊಂಡರು. ಆ ದುಃಖದಿಂದ ಅವನು ಹೊರಬರಲೇ ಇಲ್ಲ. 1922ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ, ಷರ್ಲಾಕ್ ಹೋಮ್ಸ್‌ನ ಸೃಷ್ಟಿಕರ್ತ ಆರ್ಥರ್ ಕಾನನ್ ಡಾಯ್ಲ್‌ನ ಪತ್ನಿ ಆ ತಾಯಿಯ ಆತ್ಮದ ಸಂದೇಶವೆಂದು ಪುಟಗಟ್ಟಲೆ ಬರೆದುಕೊಟ್ಟರು. ಮೇಲೊಂದು ಶಿಲುಬೆ, ಕೆಳಗೆ ಸರಾಗ ಇಂಗ್ಲಿಷ್. ಯಹೂದಿ ಪುರೋಹಿತನ ಹೆಂಡತಿಯಾಗಿದ್ದ ಅಮ್ಮನಿಗೆ ಇಂಗ್ಲಿಷ್ ಸರಿಯಾಗಿ ಬರುತ್ತಿರಲಿಲ್ಲ! ಸಂದೇಶ ಬರೆಯುವವರ ಭಾಷೆಯಲ್ಲೇ ಬರುತ್ತದೆ ಎಂದು ಡಾಯ್ಲ್ ಸಮರ್ಥಿಸಿಕೊಂಡ. ಇಂಥ ವಾದದ ತೊಂದರೆ ಇದೇ: ಉತ್ತರ ಹೇಗೇ ಬರಲಿ, ನಂಬಿಕೆ ಸೋಲುವುದಿಲ್ಲ.

ಆ ವರ್ಷದ ಕೊನೆಗೆ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆ ಅಲೌಕಿಕ ಶಕ್ತಿ ತೋರಿಸಿದವರಿಗೆ 2,500 ಡಾಲರ್ ಬಹುಮಾನ ಘೋಷಿಸಿತು. ಪರೀಕ್ಷಕರಲ್ಲಿ ವಿದ್ವಾಂಸರ ಜೊತೆ ಹೂಡಿನಿಯೂ ಇದ್ದ. ಪ್ರಕೃತಿ ವಿಜ್ಞಾನಿಗೆ ಬೇಕೆಂದೇ ಮೋಸ ಮಾಡುವುದಿಲ್ಲ, ಮನುಷ್ಯ ಮಾಡುತ್ತಾನೆ. ಆದ್ದರಿಂದ ಇಲ್ಲಿ ಜಾದೂಗಾರ ಬೇಕೇ ಬೇಕು ಎನ್ನುವುದು ನನ್ನ ಅಭಿಪ್ರಾಯ. 1924ರಲ್ಲಿ ಬಾಸ್ಟನ್‌ನ ಮಾರ್ಜರಿ ಎಂಬ ಮೀಡಿಯಂ ಕತ್ತಲೆ ಕೋಣೆಯಲ್ಲಿ, ಆತ್ಮದ ಕೈಯಿಂದ ಎನ್ನುತ್ತಾ, ಗಂಟೆ ಬಾರಿಸುತ್ತಿದ್ದಳು. ಹೂಡಿನಿ ಇಡೀ ದಿನ ಕಾಲಿಗೆ ಬಿಗಿಯಾಗಿ ರಬ್ಬರ್ ಪಟ್ಟಿ ಸುತ್ತಿಕೊಂಡಿದ್ದು, ಚರ್ಮ ಸೂಕ್ಷ್ಮವಾದ ಮೇಲೆ ಆಕೆಯ ಪಕ್ಕ ಕುಳಿತ. ಅವಳ ಕಾಲು ಗಂಟೆಯ ಪೆಟ್ಟಿಗೆಯತ್ತ ಸರಿಯುವುದು ತಿಳಿಯಿತೆಂದು ಅವನ ವರದಿ. ಮುಂದಿನ ಪರೀಕ್ಷೆಗೆ ಅವಳನ್ನು ಕೂರಿಸಿದ ಪೆಟ್ಟಿಗೆಯೊಳಗೆ ಮಡಚುವ ಅಳತೆಪಟ್ಟಿ ಸಿಕ್ಕಿತು. ಇಟ್ಟಿದ್ದು ನೀನು ಎಂದು ಎರಡೂ ಕಡೆಯವರು ದೂರಿಕೊಂಡರು. ಅದು ಇಂದಿಗೂ ಇತ್ಯರ್ಥವಾಗಿಲ್ಲ. ಬಹುಮಾನವಂತೂ ಅವಳಿಗೆ ಸಿಗಲಿಲ್ಲ.

ತಮಾಷೆಯೆಂದರೆ, ಹೂಡಿನಿಗೇ ಅಲೌಕಿಕ ಶಕ್ತಿಯಿದೆ ಎಂದು ಡಾಯ್ಲ್ ನಂಬಿದ್ದ. ಇಲ್ಲವೆಂದು ಹೂಡಿನಿ ಎಷ್ಟು ಹೇಳಿದರೂ ಕೇಳಲಿಲ್ಲ. ‘ಇಲ್ಲ’ ಎನ್ನುವುದನ್ನು ಸಾಬೀತು ಮಾಡುವುದಾದರೂ ಹೇಗೆ? ವಿಜ್ಞಾನ ಪರೀಕ್ಷಿಸಬಲ್ಲದ್ದು ಮುಂದಿಟ್ಟ ಹೇಳಿಕೆಯನ್ನು ಮಾತ್ರ.

ಅಪೆಂಡಿಕ್ಸ್ ಒಡೆದು ಸೋಂಕು ಹರಡಿ 1926ರ ಅಕ್ಟೋಬರ್ 31ರಂದು ಹೂಡಿನಿ ಡೆಟ್ರಾಯಿಟ್‌ನಲ್ಲಿ ಸತ್ತ. ಸತ್ತ ಮೇಲೆ ಸಾಧ್ಯವಾದರೆ ಕಳಿಸುತ್ತೇನೆಂದು ಬೆಸ್ ಜೊತೆ ಒಂದು ಗುಪ್ತ ಸಂದೇಶ ಗೊತ್ತುಮಾಡಿಕೊಂಡಿದ್ದ. 1929ರಲ್ಲಿ ಆರ್ಥರ್ ಫೋರ್ಡ್ ಎಂಬ ಮೀಡಿಯಂ ಅದನ್ನು ಹೇಳಿಬಿಟ್ಟ. ದೊಡ್ಡ ಸುದ್ದಿಯಾಯಿತು. ಆದರೆ ಅದರಲ್ಲಿ ಬಳಸಿದ್ದ ಸಂಕೇತಭಾಷೆ 1928ರಲ್ಲೇ ಹೂಡಿನಿಯ ಜೀವನಚರಿತ್ರೆಯೊಂದರಲ್ಲಿ ಅಚ್ಚಾಗಿತ್ತು. ಬೆಸ್ ಮೊದಲು ಒಪ್ಪಿ ಸಹಿ ಹಾಕಿದರೂ ಆಮೇಲೆ ನಿರಾಕರಿಸಿದಳು. ಅವನ ಪುಣ್ಯತಿಥಿಯ ರಾತ್ರಿ ಕಾಯುವುದನ್ನು ಮಾತ್ರ ಬಿಡಲಿಲ್ಲ. ಹತ್ತನೇ ವರ್ಷ, 1936ರಲ್ಲಿ, ಹಾಲಿವುಡ್‌ನ ಹೋಟೆಲೊಂದರ ತಾರಸಿಯ ಮೇಲೆ ಕೊನೆಯ ಸಲ ಕರೆದಳು. ಏನೂ ಬರಲಿಲ್ಲ.