ಧೂಪ ಹಾಕದ ಆರಾಧಕ

ಪ್ರಿಯ ಯೌವನಸ್ಥರೇ, ಇವತ್ತಿನ ವಾಕ್ಯಭಾಗ ರೋಮಾಪುರದವರಿಗೆ 12:1. ದೇಹವನ್ನೇ ಸಜೀವ ಯಜ್ಞವಾಗಿ ಒಪ್ಪಿಸಬೇಕು ಅಂತ ಪೌಲನು ಅಲ್ಲಿ ಬೇಡಿಕೊಳ್ತಾನೆ. ಅದನ್ನ ಬದುಕಿ ತೋರಿಸಿದ ಒಬ್ಬನ ಕಥೆ ನಾನು ಹೇಳ್ತೀನಿ. ಅವನೇ ರಕ್ತಸಾಕ್ಷಿ ಜಸ್ಟಿನ್.

ಸುಮಾರು ಕ್ರಿ.ಶ. 100ರಲ್ಲಿ ಸಮಾರ್ಯ ಸೀಮೆಯ ಫ್ಲಾವಿಯಾ ನಿಯಾಪೊಲಿಸ್‌ನಲ್ಲಿ, ಅಂದ್ರೆ ಈಗಿನ ನಾಬ್ಲುಸ್‌ನಲ್ಲಿ ಅವನು ಹುಟ್ಟಿದ. ಯಾಕೋಬನ ಬಾವಿ ಇರೋದು ಅಲ್ಲೇ. ಎಲ್ಲಿ ಆರಾಧನೆ ಮಾಡಬೇಕು ಅಂತ ಸಮಾರ್ಯದ ಸ್ತ್ರೀ ಯೇಸುವನ್ನ ಕೇಳಿದ್ದು ಆ ಬಾವಿ ಹತ್ತಿರಾನೇ!

ಜಸ್ಟಿನ್ ಅನ್ಯಜನರ ಮನೆತನದವನು. ದೇವರನ್ನ ತಿಳಿಯಬೇಕು ಅನ್ನೋ ಹಸಿವು ಅವನಿಗೆ. ಒಬ್ಬ ಗುರುವಿಗೆ ದೇವರ ವಿಷಯವೇ ಮುಖ್ಯ ಅನಿಸಲಿಲ್ಲ. ಇನ್ನೊಬ್ಬ ಮೊದಲು ಫೀಸ್ ಮಾತಾಡೋಣ ಅಂದ. ಮತ್ತೊಬ್ಬ ಸಂಗೀತ, ಖಗೋಳ, ರೇಖಾಗಣಿತ ಕಲಿತು ಬಾ ಅಂದ. ಆಮೇಲೆ ಪ್ಲೇಟೋನ ತತ್ವ ಹಿಡಿದ. ಕೊನೆಗೆ ಸಮುದ್ರದ ಹತ್ತಿರ ಸಿಕ್ಕ ಒಬ್ಬ ಮುದುಕ ಪ್ರವಾದಿಗಳ ಬಗ್ಗೆ, ಕ್ರಿಸ್ತನ ಬಗ್ಗೆ ಹೇಳಿದಾಗ ಅವನ ಹೃದಯ ಹೊತ್ತಿಕೊಳ್ತು. ಹಲ್ಲೆಲೂಯಾ!

ಮುಂದೆ ಅವನು ರೋಮ್‌ಗೆ ಬಂದು ಬೋಧಿಸಿದ. ಅಲ್ಲಿಯ ಆರಾಧನೆ ಹೇಗಿತ್ತು? ಪಶುಬಲಿ, ದ್ರಾಕ್ಷಾರಸದ ಅರ್ಪಣೆ, ಧೂಪ. ಮಂತ್ರದಲ್ಲಿ ತಪ್ಪಾದ್ರೆ ಮತ್ತೆ ಮೊದಲಿನಿಂದ. ನಾವು ಕೊಡ್ತೀವಿ, ನೀನೂ ಕೊಡು ಅನ್ನೋ ಲೆಕ್ಕ. ನಾನು ಅವರನ್ನ ಗೇಲಿ ಮಾಡ್ತಾ ಇಲ್ಲ. ಪಟ್ಟಣದ ಕ್ಷೇಮ ಅದರಲ್ಲೇ ಇದೆ ಅಂತ ಅವರು ನಿಜವಾಗಿ ನಂಬಿದ್ರು. ಅದಕ್ಕೇ ಬಲಿ ಕೊಡದ ಕ್ರೈಸ್ತರನ್ನ ನಾಸ್ತಿಕರು ಅಂದ್ರು.

ಸುಮಾರು 155ರಲ್ಲಿ ಜಸ್ಟಿನ್ ಚಕ್ರವರ್ತಿ ಆಂಟೊನೈನಸ್ ಪಯಸ್‌ಗೆ ಉತ್ತರ ಬರೆದ. ಎಲ್ಲವನ್ನೂ ಸೃಷ್ಟಿಸಿದ ದೇವರಿಗೆ ರಕ್ತವೂ ಧೂಪವೂ ಬೇಕಾಗಿಲ್ಲ; ಆತನು ಕೊಟ್ಟ ಆಹಾರವನ್ನ ಬೆಂಕಿಗೆ ಹಾಕೋ ಬದಲು ಸ್ತೋತ್ರ ಮಾಡಿ ಉಣ್ಣಬೇಕು, ಇಲ್ಲದವರಿಗೂ ಕೊಡಬೇಕು ಅಂತ ವಿವರಿಸಿದ. ಭಾನುವಾರದ ಕೂಟವನ್ನೂ ವರ್ಣಿಸಿದ: ಎಲ್ಲರೂ ಒಂದೆಡೆ ಸೇರ್ತಾರೆ, ವಾಕ್ಯ ಓದ್ತಾರೆ, ಬೋಧನೆ ಕೇಳ್ತಾರೆ, ಎದ್ದು ನಿಂತು ಪ್ರಾರ್ಥಿಸ್ತಾರೆ, ರೊಟ್ಟಿ ಮತ್ತು ಪಾತ್ರೆಯಲ್ಲಿ ಪಾಲು ತಗೊಳ್ತಾರೆ. ಬರೋಕಾಗದವರಿಗೆ ಸಭಾಸೇವಕರು ಒಯ್ದು ಕೊಡ್ತಾರೆ. ಕಾಣಿಕೆ ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯವರಿಗೆ, ಪರದೇಶಿಗಳಿಗೆ ಹೋಗುತ್ತೆ.

ನೋಡಿ, ಯೌವನಸ್ಥರೇ, ಅವರ ಯಜ್ಞವೇದಿಯ ಬೆಂಕಿಗೆ ಹೋಗ್ತಿದ್ದದ್ದು ಇಲ್ಲಿ ಹಸಿದವನ ತಟ್ಟೆಗೆ ಹೋಯ್ತು!

ಸುಮಾರು 165ರಲ್ಲಿ ಅವನನ್ನೂ ಆರು ಜನ ಜೊತೆಗಾರರನ್ನೂ ರೋಮ್‌ನ ಅಧಿಕಾರಿ ರುಸ್ಟಿಕಸ್ ಮುಂದೆ ನಿಲ್ಲಿಸಿದ್ರು. ಅವರಲ್ಲಿ ಒಬ್ಬ ಸ್ತ್ರೀಯೂ ಇದ್ದಳು, ಚಕ್ರವರ್ತಿಯ ಒಬ್ಬ ದಾಸನೂ ಇದ್ದ. ದೇವತೆಗಳಿಗೆ ಬಲಿ ಅರ್ಪಿಸಿದ್ರೆ ಜೀವ ಉಳೀತಿತ್ತು. ಒಬ್ಬರೂ ಒಪ್ಪಲಿಲ್ಲ. ಕೊರಡೆಯಿಂದ ಹೊಡೆಸಿ ತಲೆ ಕಡಿಸಿದ್ರು.

ಈಗ ನಿಮ್ಮನ್ನ ಕೇಳ್ತೀನಿ. ಇಲ್ಲಿ ಧೂಪ ಇಲ್ಲ, ಗಿಟಾರ್ ಇದೆ, ಕೀಬೋರ್ಡ್ ಇದೆ. ಆದ್ರೆ ಮೂರು ದಿನ ಉಪವಾಸ ಮಾಡಿದೆ, ವೀಸಾ ಕೊಡು. ದಶಮಾಂಶ ಹಾಕಿದೆ, ಪ್ರಮೋಷನ್ ಕೊಡು ಅಂತ ಲೆಕ್ಕ ಇಟ್ರೆ, ಅದು ಹಳೇ ರೋಮ್‌ನ ವ್ಯವಹಾರಾನೇ ಅಲ್ವಾ? ಬೇಡಿಕೊಳ್ಳಿ, ತಂದೆ ಕೇಳ್ತಾನೆ. ಆದ್ರೆ ಆತನ ಜೊತೆ ವ್ಯಾಪಾರ ಬೇಡ. ಕ್ರಿಸ್ತನು ಶಿಲುಬೆಯಲ್ಲಿ ಒಮ್ಮೆಗೇ ಯಜ್ಞವಾದ ಮೇಲೆ ನಾವು ತರೋದು ಬೆಲೆಯಲ್ಲ, ಕೃತಜ್ಞತೆ.

ಈ ವಾರ ಪಿಜಿಯಲ್ಲಿ ಜ್ವರ ಬಂದು ಮಲಗಿರೋ ಒಬ್ಬರಿಗೆ ಊಟ ತಗೊಂಡು ಹೋಗಿ. ಅದೂ ಆರಾಧನೆ. ಎದ್ದು ನಿಲ್ಲಿ, ನಮ್ಮನ್ನೇ ಕರ್ತನಿಗೆ ಒಪ್ಪಿಸಿ ಪ್ರಾರ್ಥಿಸೋಣ. ಆಮೆನ್.