ಭೂಮಿ ಕೊಟ್ಟ ಅರಸು, ಸೆರೆ ತುಂಬಿದ ಅರಸು

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ 1915ರ ಆಗಸ್ಟ್ 20ರಂದು ಜನಿಸಿದ ಡಿ. ದೇವರಾಜ ಅರಸು ಅವರು 1952ರಲ್ಲಿ ವಿಧಾನಸಭೆ ಪ್ರವೇಶಿಸಿ, 1972ರ ಮಾರ್ಚ್‌ನಲ್ಲಿ ಮುಖ್ಯಮಂತ್ರಿಯಾದರು. ಅವರದು ಸಂಖ್ಯೆಯಲ್ಲಿ ತೀರಾ ಸಣ್ಣ ಸಮುದಾಯ. ಚುನಾವಣೆ ಗೆಲ್ಲಲು ಸಣ್ಣವರನ್ನೆಲ್ಲ ಒಗ್ಗೂಡಿಸದೆ ಗತ್ಯಂತರವಿರಲಿಲ್ಲ.

ಭೂಸುಧಾರಣಾ ಕಾಯ್ದೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರರ ಅರ್ಜಿಗಳನ್ನು ಭೂ ನ್ಯಾಯಮಂಡಳಿಗಳು ವಿಚಾರಿಸಿದವು. ಅಲ್ಲಿ ವಕೀಲರು ವಾದಿಸುವಂತಿರಲಿಲ್ಲ. ಹಣವುಳ್ಳ ಧಣಿ, ಬರಿಗೈಯ ಒಕ್ಕಲು ಇಬ್ಬರೂ ತಮ್ಮ ಮಾತನ್ನು ತಾವೇ ಹೇಳಬೇಕಿತ್ತು. ಕರಾವಳಿ, ಮಲೆನಾಡಿನಲ್ಲಿ ಅಸಂಖ್ಯ ಒಕ್ಕಲು ಕುಟುಂಬಗಳು ಭೂಮಾಲೀಕರಾದವು. ಗೇಣಿ ಪದ್ಧತಿ ಅಷ್ಟಾಗಿಲ್ಲದ ಗಂಡಸಿ, ಅರಸೀಕೆರೆ ಕಡೆಯ ಬಯಲಿಗೆ ಅದರ ಫಲ ಕಡಿಮೆಯೇ. ಇಲ್ಲಿನ ಹಿಂದುಳಿದವರಿಗೆ ಹೆಚ್ಚು ಹತ್ತಿರವಾದದ್ದು 1975ರ ಎಲ್.ಜಿ. ಹಾವನೂರು ಆಯೋಗದ ವರದಿಯ ಬೆನ್ನಿಗೆ ಬಂದ ಮೀಸಲಾತಿ.

ಅದೇ ವರ್ಷ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ವಾಜಪೇಯಿ, ಅಡ್ವಾಣಿ ಬೆಂಗಳೂರಿನ ಕಾರಾಗೃಹ ಸೇರಿದರು. ಅಲ್ಲಿಯೇ ಆಸ್ತಮಾದಿಂದ ನರಳಿದ ನಟಿ ಸ್ನೇಹಲತಾ ರೆಡ್ಡಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ಕೊನೆಯುಸಿರೆಳೆದರು. ಅರಸರ ಅಭಿಮಾನಿಗಳು ಈ ಪುಟವನ್ನು ಮಗುಚಿಹಾಕುವುದುಂಟು, ಅದು ನ್ಯಾಯವಲ್ಲ.

1977ರ ಡಿಸೆಂಬರ್ 31ರಂದು ಅವರ ಸರ್ಕಾರವೇ ವಜಾಗೊಂಡಿತು. ಕೇಂದ್ರದಲ್ಲಿದ್ದುದು, ತುರ್ತು ಪರಿಸ್ಥಿತಿಯನ್ನು ಎದುರಿಸಿ ಗೆದ್ದ ಜನತಾ ಪಕ್ಷ! ಎರಡೇ ತಿಂಗಳಲ್ಲಿ ಮತದಾರರು ಅರಸರನ್ನು ಮರಳಿ ಕರೆತಂದರು. 224 ಸ್ಥಾನಗಳಲ್ಲಿ 149 ಕಾಂಗ್ರೆಸ್ (ಐ) ಪಾಲಾದವು. ನವೆಂಬರ್‌ನಲ್ಲಿ ನೆರೆಯ ಚಿಕ್ಕಮಗಳೂರಿನಿಂದ ಇಂದಿರಾ ಗಾಂಧಿ ಲೋಕಸಭೆಗೆ ಗೆದ್ದರು. ಮರುವರ್ಷ ಇಬ್ಬರ ದಾರಿ ಬೇರೆಯಾಯಿತು. 1980ರ ಲೋಕಸಭಾ ಚುನಾವಣೆಯಲ್ಲಿ ಅರಸರ ಪಕ್ಷಕ್ಕೆ ರಾಜ್ಯದಲ್ಲಿ ಒಂದು ಸ್ಥಾನವೂ ದಕ್ಕಲಿಲ್ಲ. ಅವರು ಅಧಿಕಾರ ತೊರೆದರು. 1982ರ ಜೂನ್ 6ರಂದು ನಿಧನರಾದರು.