ಎಡಿತ್ ಕ್ಲಾರ್ಕ್

ಎಡಿತ್ ಕ್ಲಾರ್ಕ್ (10 ಫೆಬ್ರವರಿ 1883 – 29 ಅಕ್ಟೋಬರ್ 1959) ಅಮೆರಿಕದ ವಿದ್ಯುತ್ ಎಂಜಿನಿಯರ್, ಗ್ರಂಥಕರ್ತೆ ಹಾಗೂ ಪ್ರಾಧ್ಯಾಪಕಿ. ದೂರದ ವಿದ್ಯುದಾಗಾರಗಳಿಂದ ನಗರಗಳಿಗೆ ವಿದ್ಯುತ್ತನ್ನು ಒಯ್ಯುವ ಪ್ರಸರಣ ಮಾರ್ಗಗಳು ಎಷ್ಟು ಹೊರೆಯನ್ನು ತಾಳಬಲ್ಲವು, ಯಾವ ಮಿತಿಯನ್ನು ಮೀರಿದರೆ ಜಾಲವು ಕುಸಿಯುತ್ತದೆ ಎಂಬುದನ್ನು ಲೆಕ್ಕಹಾಕುವ ವಿಧಾನಗಳನ್ನು ರೂಪಿಸಿದವರಲ್ಲಿ ಇವರು ಪ್ರಮುಖರು. ಇವರ ಹೆಸರಿನಿಂದಲೇ ಪ್ರಸಿದ್ಧವಾಗಿರುವ ಕ್ಲಾರ್ಕ್ ಪರಿವರ್ತನೆ ಎಂಬ ಗಣಿತ ವಿಧಾನವು ಸೌರ ಮತ್ತು ಪವನ ವಿದ್ಯುತ್ತನ್ನು ಜಾಲಕ್ಕೆ ಜೋಡಿಸುವ ಇನ್ವರ್ಟರ್‌ಗಳ ನಿಯಂತ್ರಣದಲ್ಲಿ ಇಂದಿಗೂ ಬಳಕೆಯಲ್ಲಿದೆ.

ಬಾಲ್ಯ ಮತ್ತು ಶಿಕ್ಷಣ

ಕ್ಲಾರ್ಕ್ ಅವರು ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಹೊವಾರ್ಡ್ ಕೌಂಟಿಯಲ್ಲಿ, ಒಂಬತ್ತು ಮಕ್ಕಳ ಕುಟುಂಬವೊಂದರಲ್ಲಿ ಜನಿಸಿದರು. ಹನ್ನೆರಡು ವರ್ಷ ತುಂಬುವ ವೇಳೆಗೆ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡ ಇವರನ್ನು ಅಕ್ಕ ಸಾಕಿ ಬೆಳೆಸಿದರು. ಪಿತ್ರಾರ್ಜಿತವಾಗಿ ಬಂದ ಹಣವನ್ನು ಇವರು ಕಾಲೇಜು ಶಿಕ್ಷಣಕ್ಕೆ ವಿನಿಯೋಗಿಸಿ, 1908ರಲ್ಲಿ ವಾಸರ್ ಕಾಲೇಜಿನಿಂದ ಗಣಿತ ಮತ್ತು ಖಗೋಳವಿಜ್ಞಾನದಲ್ಲಿ ಪದವಿ ಪಡೆದರು. ಅನಂತರ ಕೆಲವು ವರ್ಷ ಗಣಿತ ಮತ್ತು ಭೌತವಿಜ್ಞಾನವನ್ನು ಬೋಧಿಸಿದರು. 1911ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಸಿವಿಲ್ ಎಂಜಿನಿಯರಿಂಗ್ ವ್ಯಾಸಂಗಕ್ಕೆ ಸೇರಿದರೂ, ಒಂದು ವರ್ಷದ ಬಳಿಕ ಅದನ್ನು ಬಿಟ್ಟು ಎ.ಟಿ. ಅಂಡ್ ಟಿ. ದೂರವಾಣಿ ಸಂಸ್ಥೆಯಲ್ಲಿ ಉದ್ಯೋಗಕ್ಕೆ ಸೇರಿದರು.

ಅಲ್ಲಿ ಇವರ ಹುದ್ದೆಯ ಹೆಸರು ಕಂಪ್ಯೂಟರ್. ಆ ಕಾಲದಲ್ಲಿ ಈ ಪದವು ಯಂತ್ರವನ್ನಲ್ಲ, ಎಂಜಿನಿಯರುಗಳಿಗಾಗಿ ದೀರ್ಘ ಲೆಕ್ಕಗಳನ್ನು ಕೈಯಿಂದ ಮಾಡಿಕೊಡುವ ವ್ಯಕ್ತಿಯನ್ನು ಸೂಚಿಸುತ್ತಿತ್ತು. ದೂರವಾಣಿ ಸಂಕೇತಗಳ ಪ್ರಸರಣವನ್ನು ಗಣಿತದ ನೆರವಿನಿಂದ ಅಧ್ಯಯನ ಮಾಡುತ್ತಿದ್ದ ಜಾರ್ಜ್ ಕ್ಯಾಂಪ್‌ಬೆಲ್ ಅವರ ಸಹಾಯಕರಾಗಿ ದುಡಿಯುತ್ತಲೇ, ಇವರು ಕೊಲಂಬಿಯಾ ವಿಶ್ವವಿದ್ಯಾಲಯದ ರಾತ್ರಿ ತರಗತಿಗಳಲ್ಲಿ ವಿದ್ಯುತ್ ಎಂಜಿನಿಯರಿಂಗ್ ಕಲಿತರು. 1918ರಲ್ಲಿ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯನ್ನು ಸೇರಿ, ಮರುವರ್ಷ ಅಲ್ಲಿಂದ ವಿದ್ಯುತ್ ಎಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿ ಪಡೆದ ಪ್ರಥಮ ಮಹಿಳೆಯಾದರು.

ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ

ಸ್ನಾತಕೋತ್ತರ ಪದವಿಯಿದ್ದರೂ ಮಹಿಳೆಯೆಂಬ ಕಾರಣದಿಂದ ಇವರಿಗೆ ಎಂಜಿನಿಯರ್ ಹುದ್ದೆ ದೊರೆಯಲಿಲ್ಲ. ಜನರಲ್ ಎಲೆಕ್ಟ್ರಿಕ್ ಸಂಸ್ಥೆಯು ತನ್ನ ಟರ್ಬೈನ್ ವಿಭಾಗದಲ್ಲಿ ಲೆಕ್ಕ ಮಾಡುವ ಮಹಿಳೆಯರ ತಂಡಕ್ಕೆ ಇವರನ್ನು ಮೇಲ್ವಿಚಾರಕಿಯನ್ನಾಗಿ ನೇಮಿಸಿತು. ಈ ಅವಧಿಯಲ್ಲಿ ಬಿಡುವಿನ ವೇಳೆಯನ್ನು ಬಳಸಿಕೊಂಡು ಇವರು ಕ್ಲಾರ್ಕ್ ಕ್ಯಾಲ್ಕ್ಯುಲೇಟರ್ ಎಂಬ ಗಣನ ಸಾಧನವನ್ನು ರೂಪಿಸಿದರು. ಉದ್ದನೆಯ ಪ್ರಸರಣ ಮಾರ್ಗದ ಸಮೀಕರಣಗಳಲ್ಲಿ ಹೈಪರ್ಬಾಲಿಕ್ ಫಲನಗಳು ಬರುವುದರಿಂದ ಅವುಗಳನ್ನು ಬಿಡಿಸಲು ಬಹಳ ಕಾಲ ಹಿಡಿಯುತ್ತಿತ್ತು. ರೇಖಾಚಿತ್ರಗಳನ್ನು ಆಧರಿಸಿದ ಈ ಸಾಧನವು ಅದೇ ಕೆಲಸವನ್ನು ಸುಮಾರು ಹತ್ತು ಪಟ್ಟು ಶೀಘ್ರವಾಗಿ ಮುಗಿಸುತ್ತಿತ್ತು. 1921ರಲ್ಲಿ ಸಲ್ಲಿಸಿದ ಅರ್ಜಿಗೆ 1925ರಲ್ಲಿ ಪೇಟೆಂಟ್ ದೊರೆಯಿತು.

ಎಂಜಿನಿಯರ್ ಹುದ್ದೆಯ ನಿರೀಕ್ಷೆ ಈಡೇರದಿದ್ದಾಗ 1921ರಲ್ಲಿ ಇವರು ಆ ಉದ್ಯೋಗವನ್ನು ಬಿಟ್ಟು, ಟರ್ಕಿಯ ಕಾನ್‌ಸ್ಟಾಂಟಿನೋಪಲ್ ಮಹಿಳಾ ಕಾಲೇಜಿನಲ್ಲಿ ಭೌತವಿಜ್ಞಾನದ ಅಧ್ಯಾಪಕಿಯಾಗಿ ತೆರಳಿದರು. 1922ರಲ್ಲಿ ಸ್ವದೇಶಕ್ಕೆ ಮರಳಿದಾಗ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯು ಇವರನ್ನು ವಿದ್ಯುತ್ ಎಂಜಿನಿಯರ್ ಆಗಿಯೇ ನೇಮಿಸಿಕೊಂಡಿತು. ಆಗ ಇವರಿಗೆ 39 ವರ್ಷ. 1945ರಲ್ಲಿ ನಿವೃತ್ತರಾಗುವವರೆಗೂ ಇವರು ಅಲ್ಲಿಯೇ ಸೇವೆ ಸಲ್ಲಿಸಿದರು.

ಜಾಲದ ಸ್ಥಿರತೆಯ ಅಧ್ಯಯನ

ಪರ್ಯಾಯ ವಿದ್ಯುತ್ತಿನ ಜಾಲದಲ್ಲಿ ಎಲ್ಲ ಜನರೇಟರುಗಳೂ ಒಂದೇ ಲಯದಲ್ಲಿ ತಿರುಗಬೇಕು. ಪ್ರಸರಣ ಮಾರ್ಗದ ಎರಡು ತುದಿಗಳ ವೋಲ್ಟೇಜ್ ಅಲೆಗಳ ನಡುವೆ ಒಂದು ಕೋನಾಂತರವಿರುತ್ತದೆ. ಸಾಗಿಸುವ ವಿದ್ಯುತ್ತು ಹೆಚ್ಚಿದಂತೆ ಈ ಅಂತರವೂ ಹೆಚ್ಚುತ್ತದೆ. ಅದು ಒಂದು ಮಿತಿಯನ್ನು ದಾಟಿದರೆ ಯಂತ್ರಗಳ ಲಯ ತಪ್ಪಿ ಜಾಲವು ಹೋಳಾಗುತ್ತದೆ. ಮಾರ್ಗವು ಉದ್ದವಾದಷ್ಟೂ ಅದು ಸುರಕ್ಷಿತವಾಗಿ ಒಯ್ಯಬಲ್ಲ ವಿದ್ಯುತ್ತಿನ ಗರಿಷ್ಠ ಪ್ರಮಾಣ ಕಡಿಮೆಯಾಗುತ್ತದೆ. 1920ರ ದಶಕದಲ್ಲಿ ಅಮೆರಿಕದ ಪ್ರಸರಣ ಮಾರ್ಗಗಳು ನೂರಾರು ಕಿಲೋಮೀಟರ್ ಚಾಚಿಕೊಂಡಾಗ ಈ ಸಮಸ್ಯೆ ಎಂಜಿನಿಯರುಗಳನ್ನು ಕಾಡತೊಡಗಿತು.

ಈ ಮಿತಿಯನ್ನು ಲೆಕ್ಕಹಾಕುವ ಬಗೆಯನ್ನು ಕ್ಲಾರ್ಕ್ ಅವರು 1926ರ ಫೆಬ್ರವರಿಯಲ್ಲಿ ಅಮೆರಿಕನ್ ವಿದ್ಯುತ್ ಎಂಜಿನಿಯರುಗಳ ಸಂಸ್ಥೆಯ ಸಭೆಯಲ್ಲಿ ಮಂಡಿಸಿದರು. ಆ ಸಂಸ್ಥೆಯಲ್ಲಿ ಪ್ರಬಂಧ ಮಂಡಿಸಿದ ಪ್ರಥಮ ಮಹಿಳೆ ಇವರೇ. 1932 ಮತ್ತು 1941ರಲ್ಲಿ ಇವರ ಪ್ರಬಂಧಗಳಿಗೆ ಸಂಸ್ಥೆಯ ಬಹುಮಾನಗಳು ಸಂದವು.

ಕ್ಲಾರ್ಕ್ ಪರಿವರ್ತನೆ

ಮೂರು ಫೇಸ್‌ಗಳ ವಿದ್ಯುತ್ ವ್ಯವಸ್ಥೆಯಲ್ಲಿ ಸಿಡಿಲು ಬಡಿದು ಒಂದು ತಂತಿಗೆ ಮಾತ್ರ ಧಕ್ಕೆಯಾದಾಗ ಮೂರೂ ಫೇಸ್‌ಗಳ ಸಮತೋಲನ ತಪ್ಪಿ ಲೆಕ್ಕ ಜಟಿಲವಾಗುತ್ತದೆ. ಅಸಮತೋಲನಗೊಂಡ ವ್ಯವಸ್ಥೆಯನ್ನು ಸಮತೋಲನದ ಭಾಗಗಳಾಗಿ ಬಿಡಿಸುವ ಕ್ರಮವನ್ನು ಚಾರ್ಲ್ಸ್ ಫೋರ್ಟೆಸ್ಕ್ಯೂ 1918ರಲ್ಲಿ ತೋರಿಸಿದ್ದರು. ಕ್ಲಾರ್ಕ್ ಅವರು ಅದನ್ನು ಮಾರ್ಪಡಿಸಿ, ಮೂರು ಫೇಸ್‌ಗಳ ಪರಿಮಾಣಗಳನ್ನು ಆಲ್ಫಾ, ಬೀಟಾ ಮತ್ತು ಶೂನ್ಯ ಎಂಬ ಘಟಕಗಳಾಗಿ ಬದಲಿಸುವ ವಿಧಾನವನ್ನು ನೀಡಿದರು. ವ್ಯವಸ್ಥೆ ಸಮತೋಲನದಲ್ಲಿರುವಾಗ ಶೂನ್ಯ ಘಟಕವು ಇಲ್ಲವಾಗುವುದರಿಂದ ಮೂರು ರಾಶಿಗಳ ಬದಲು ಎರಡನ್ನೇ ಲೆಕ್ಕಿಸಿದರೆ ಸಾಕಾಗುತ್ತದೆ. ಪರ್ಯಾಯ ವಿದ್ಯುತ್ ವ್ಯವಸ್ಥೆಗಳ ಮಂಡಲ ವಿಶ್ಲೇಷಣೆಯನ್ನು ಕುರಿತ ಇವರ ಗ್ರಂಥದ ಮೊದಲ ಸಂಪುಟ 1943ರಲ್ಲಿಯೂ ಎರಡನೆಯದು 1950ರಲ್ಲಿಯೂ ಪ್ರಕಟವಾದವು.

ಅಧ್ಯಾಪನ ಮತ್ತು ಕೊನೆಯ ದಿನಗಳು

ನಿವೃತ್ತಿಯ ನಂತರ 1947ರಲ್ಲಿ ಇವರು ಆಸ್ಟಿನ್‌ನಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯವನ್ನು ಸೇರಿ, ಅಮೆರಿಕದಲ್ಲಿ ವಿದ್ಯುತ್ ಎಂಜಿನಿಯರಿಂಗ್‌ನ ಪ್ರಥಮ ಮಹಿಳಾ ಪ್ರಾಧ್ಯಾಪಕರೆನಿಸಿದರು. ಸುಮಾರು ಹತ್ತು ವರ್ಷಗಳ ಅಧ್ಯಾಪನದ ಬಳಿಕ ಮೇರಿಲ್ಯಾಂಡ್‌ಗೆ ಹಿಂದಿರುಗಿದ ಇವರು 1959ರಲ್ಲಿ, ತಮ್ಮ 76ನೆಯ ವಯಸ್ಸಿನಲ್ಲಿ ನಿಧನರಾದರು.

ಇಂದಿನ ವಿದ್ಯುತ್ ಜಾಲದಲ್ಲಿ ಪ್ರಸ್ತುತತೆ

ಕ್ಲಾರ್ಕ್ ಅವರು ಎತ್ತಿಕೊಂಡ ಸಮಸ್ಯೆ ಇಂದಿಗೂ ಮುಗಿದಿಲ್ಲ. 2012ರ ಜುಲೈ 30 ಮತ್ತು 31ರಂದು ಭಾರತದಲ್ಲಿ ಸಂಭವಿಸಿದ ಜಾಲ ಕುಸಿತ ಇದಕ್ಕೆ ನಿದರ್ಶನ. ಅತಿಯಾದ ಹೊರೆಯಿಂದ ಬೀನಾ–ಗ್ವಾಲಿಯರ್ ಮಾರ್ಗವು ಕಡಿದುಹೋಗಿ, ಪ್ರದೇಶಗಳ ನಡುವಣ ಕೋನಾಂತರ ಹೆಚ್ಚಿ, ಉತ್ತರದ ಜಾಲವು ಉಳಿದವುಗಳಿಂದ ಬೇರ್ಪಟ್ಟಿತು. ಎರಡನೆಯ ದಿನ ಅದರ ಪರಿಣಾಮಕ್ಕೆ ಒಳಗಾದ ಪ್ರದೇಶಗಳ ಜನಸಂಖ್ಯೆ 60 ಕೋಟಿಗೂ ಹೆಚ್ಚು. ಆಗ ದಕ್ಷಿಣದ ಜಾಲವು ತಾಲ್ಚೇರ್–ಕೋಲಾರ ಮಾರ್ಗದಂತಹ ನೇರ ವಿದ್ಯುತ್ ಸಂಪರ್ಕಗಳ ಮೂಲಕ ಮಾತ್ರ ಉಳಿದ ದೇಶದೊಡನೆ ಸೇರಿದ್ದುದರಿಂದ ಕರ್ನಾಟಕ ಪಾರಾಯಿತು. ನೇರ ವಿದ್ಯುತ್ ಸಂಪರ್ಕದಲ್ಲಿ ಎರಡು ಕಡೆಯ ಯಂತ್ರಗಳು ಒಂದೇ ಲಯದಲ್ಲಿರಬೇಕಾದ ಅಗತ್ಯವಿಲ್ಲ. 2013ರ ಡಿಸೆಂಬರ್ 31ರಂದು 765 ಕಿಲೋವೋಲ್ಟ್‌ನ ರಾಯಚೂರು–ಸೊಲ್ಲಾಪುರ ಮಾರ್ಗವು ಚಾಲನೆಗೊಂಡ ಬಳಿಕ ದೇಶದ ಐದೂ ಪ್ರಾದೇಶಿಕ ಜಾಲಗಳು ಒಂದೇ ಲಯಕ್ಕೆ ಬಂದವು.

ಈ ಕೋನಾಂತರವನ್ನು ಕ್ಲಾರ್ಕ್ ಅವರ ಕಾಲದಲ್ಲಿ ಮುಂಚಿತವಾಗಿ ಲೆಕ್ಕಹಾಕಬೇಕಿತ್ತು. ಇಂದು ಫೇಸರ್ ಮಾಪನ ಘಟಕಗಳು ಉಪಗ್ರಹಗಳ ಕಾಲಸಂಕೇತದ ನೆರವಿನಿಂದ ಅದನ್ನು ಸೆಕೆಂಡಿಗೆ ಹಲವಾರು ಬಾರಿ ಅಳೆಯುತ್ತವೆ. ಇವುಗಳ ಮೊದಲ ಮಾದರಿ 1988ರಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ಅರುಣ್ ಫಡ್ಕೆ ಮತ್ತು ಜೇಮ್ಸ್ ಥಾರ್ಪ್ ಅವರಿಂದ ಸಿದ್ಧವಾಯಿತು. ಭಾರತದ ಜಾಲದಲ್ಲಿಯೂ ಇವು ಅಳವಡಿಕೆಯಾಗಿವೆ.

ಸೌರಫಲಕಗಳು ನೀಡುವ ನೇರ ವಿದ್ಯುತ್ತನ್ನು ಇನ್ವರ್ಟರ್‌ಗಳು ಪರ್ಯಾಯ ವಿದ್ಯುತ್ತಾಗಿ ಬದಲಿಸುತ್ತವೆ. ಜಾಲದ ವೋಲ್ಟೇಜನ್ನು ಗ್ರಹಿಸಿ ಅದರ ಲಯಕ್ಕೆ ಹೊಂದಿಕೊಳ್ಳುವ ಈ ಕಾರ್ಯದಲ್ಲಿ ಕ್ಲಾರ್ಕ್ ಪರಿವರ್ತನೆಯು ವ್ಯಾಪಕವಾಗಿ ಬಳಕೆಯಾಗುತ್ತದೆ. ಆದರೆ ದೊಡ್ಡ ಜನರೇಟರುಗಳ ತಿರುಗುವ ರಾಶಿಯಲ್ಲಿರುವ ಜಡತ್ವವು ಇನ್ವರ್ಟರ್‌ಗಳಿಗಿಲ್ಲ. ಆದ್ದರಿಂದ ಅವುಗಳ ಪಾಲು ಹೆಚ್ಚಿದಂತೆ, ಏರುಪೇರಾದಾಗ ಜಾಲದ ಆವರ್ತನವು ಬೇಗನೆ ಬದಲಾಗುತ್ತದೆ. ಜಾಲದ ಲಯವನ್ನು ಅನುಸರಿಸುವುದಷ್ಟೇ ಅಲ್ಲದೆ ತಾವೇ ಲಯವನ್ನು ನಿರ್ಮಿಸಬಲ್ಲ ಇನ್ವರ್ಟರ್‌ಗಳು ಮತ್ತು ಬ್ಯಾಟರಿ ಸಂಗ್ರಹಣೆ ಇದಕ್ಕೆ ಪರಿಹಾರವಾಗಿ ಬಳಕೆಗೆ ಬರುತ್ತಿವೆ.

ಗೌರವಗಳು

ಕ್ಲಾರ್ಕ್ ಅವರು 1948ರಲ್ಲಿ ಅಮೆರಿಕನ್ ವಿದ್ಯುತ್ ಎಂಜಿನಿಯರುಗಳ ಸಂಸ್ಥೆಯ ಫೆಲೊ ಆಗಿ ಆಯ್ಕೆಯಾದ ಪ್ರಥಮ ಮಹಿಳೆ. 1954ರಲ್ಲಿ ಮಹಿಳಾ ಎಂಜಿನಿಯರುಗಳ ಸಂಘವು ಇವರಿಗೆ ಸಾಧನಾ ಪ್ರಶಸ್ತಿ ನೀಡಿತು. 2015ರಲ್ಲಿ ಅಮೆರಿಕದ ರಾಷ್ಟ್ರೀಯ ಆವಿಷ್ಕಾರಕರ ಗೌರವ ಪಟ್ಟಿಗೆ ಇವರ ಹೆಸರನ್ನು ಮರಣೋತ್ತರವಾಗಿ ಸೇರಿಸಲಾಯಿತು.